ಚೀಸಿನ ಮೇಲೆ ಸಕ್ಕರೆ

ಸೆರೆಸ್,
ಮೇ ೧೪

ನನ್ನ ಮುದ್ದು ಸ್ಮಾರೊ,

ಮಗುವಿನ ದೀಕ್ಷಾಸ್ನಾನಕ್ಕೆ ಬಾ ಎಂದು ನೀನು ಬರೆದಿದ್ದಕ್ಕೆ ನಾನು ಉತ್ತರವನ್ನೇ ಕೊಟ್ಟಿರಲಿಲ್ಲ. ಕೋಪ ಇತ್ತು. ನಮ್ಮ ಬುಗಾತ್ಸಾ ಅಂಗಡಿಯಲ್ಲೇ ಬೆಳೆದವಳು, ಕ್ರೀಟಿಗೆ ಹೋಗಿ ಬುಗಾತ್ಸಾ ಮಾರುವವನನ್ನೇ ಕಟ್ಟಿಕೊಂಡೆಯಲ್ಲ! ಅದೂ ಹಿಟ್ಟಿನ ಹಾಳೆಯೊಳಗೆ ಚೀಸು ಮಡಿಚಿ ಮೇಲೆ ಸಕ್ಕರೆ ಸುರಿಯುವ ಜನ! ನಿನ್ನಪ್ಪ ಬದುಕಿದ್ದರೆ ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಈಗ ಕೇಳು, ಬೈಯಬೇಡ. ಹೋದ ವಾರ ಚರ್ಚಿನ ಹೆಂಗಸರ ಜೊತೆ ಕ್ರೀಟಿನ ಮಠಕ್ಕೆ ಯಾತ್ರೆ ಹೋಗಿದ್ದೆ. ನಿಮ್ಮೂರು ಹಾನ್ಯಾದಲ್ಲಿ ಅವರೆಲ್ಲ ಮೇಣದಬತ್ತಿ ಕೊಳ್ಳುವಾಗ ಮೆಲ್ಲಗೆ ಜಾರಿಕೊಂಡು ನಿನ್ನ ಗಂಡನ ಅಂಗಡಿಯ ಸಾಲಿನಲ್ಲಿ ನಿಂತೆ. ಮದುವೆಗೂ ನಾನು ಬಂದಿರಲಿಲ್ಲವಲ್ಲ, ನಿನ್ನ ಮನೂಸೊಸ್ ನನ್ನನ್ನು ಕಣ್ಣಾರೆ ಕಂಡವನಲ್ಲ. ತಪ್ಪು ಹುಡುಕಲೆಂದೇ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ನನ್ನ ಸರದಿ ಬಂದಾಗ ನಮ್ಮೂರ ಅಭ್ಯಾಸಬಲದಿಂದ, ಖೀಮಾ ತುಂಬಿದ್ದು ಒಂದು ಕೊಡಪ್ಪ ಅಂದುಬಿಟ್ಟೆ. ಸಾಲಿನವರೆಲ್ಲ ನಕ್ಕರು. ಹಿಂದಿದ್ದ ಮುದುಕನೊಬ್ಬ, "ಏನಮ್ಮಾ, ಇಲ್ಲಿ ಇರೋದು ಒಂದೇ ಥರ. ಖೀಮಾ ಬೇಕಿದ್ರೆ ಕಸಾಯಿ ಅಂಗಡಿಗೆ ಹೋಗು" ಅಂದ. ನಿನ್ನ ಗಂಡ ಮಾತ್ರ ನಗಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ, "ಸುಮ್ನಿರು ತಾತ, ದೂರದಿಂದ ಬಂದಿದ್ದಾರೆ" ಎಂದು ಬಿಸಿ ಬುಗಾತ್ಸಾವನ್ನು ಟಕಟಕ ಕತ್ತರಿಸಿದ.

ಸಕ್ಕರೆ ಡಬ್ಬಿ ಎತ್ತಿದಾಗ ತಡೆಯಲಾಗಲಿಲ್ಲ. "ಅಯ್ಯೋ, ಚೀಸಿಗೆ ಯಾರಾದ್ರೂ ಸಕ್ಕರೆ ಹಾಕ್ತಾರೇನೋ?" ಅಂದೆ. "ಮೊದ್ಲು ತಿನ್ನಿ ಅಮ್ಮಾ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ" ಅಂದ.

ಬೀದಿಯಲ್ಲೇ ನಿಂತು ತಿಂದೆ. ಸ್ಮಾರೊ, ಏನು ಹೇಳಲಿ! ಹಿಟ್ಟಿನ ಹಾಳೆ ಗರಿಗರಿ, ಒಳಗೆ ಹುಳಿಹುಳಿಯಾದ ಬಿಸಿ ಚೀಸು, ಮೇಲೆ ಸಕ್ಕರೆ, ದಾಲ್ಚಿನ್ನಿ. ಅಷ್ಟು ತೆಳ್ಳಗಿನ ಹಾಳೆಯನ್ನು ನಮ್ಮ ಅಂಗಡಿಯಲ್ಲಿ ಬಿಟ್ಟರೆ ಇನ್ನೆಲ್ಲೂ ನಾನು ಕಂಡಿಲ್ಲ. ತಪ್ಪು ಹುಡುಕಲು ಹೋದವಳು ಕಾಗದಕ್ಕೆ ಅಂಟಿದ್ದನ್ನೂ ಬಳಿದು ತಿಂದೆ.

ಹಾಳೆನ ಇಷ್ಟು ತೆಳ್ಳಗೆ ಎಳೆಯೋದು ಯಾರು ಕಲಿಸಿದ್ರು ಅಂತ ಕೇಳಿದೆ. "ನಮ್ಮಪ್ಪನ ಕಾಲದಲ್ಲಿ ದಪ್ಪ ಇರ್ತಿತ್ತು. ಹೆಂಡ್ತಿ ಬಂದ್ಮೇಲೆ ತೆಳ್ಳಗಾಯ್ತು. ಅವಳಿಗೆ ಅವಳಮ್ಮ ಕಲಿಸಿದ್ದು. ಮಗುಗೂ ಅವರ ಹೆಸರೇ, ಪೊಲಿಕ್ಸೇನಿ" ಅಂದ. ದೀಕ್ಷಾಸ್ನಾನಕ್ಕೆ ಮೊದಲೇ ಹೊರಗಿನವರ ಮುಂದೆ ಹೆಸರು ಬಾಯಿಬಿಡುವವರುಂಟೆ? ಎಂಥ ಬಾಯಿಬಡುಕ ಅಂದುಕೊಂಡೆ. ಮೊದಲ ಮಗಳಿಗೆ ಗಂಡನ ತಾಯಿಯ ಹೆಸರಲ್ಲವೇ ಇಡುವುದು ಎಂದು ಕೆಣಕಿದೆ. "ನಮ್ಮಮ್ಮನೇ ಬಿಟ್ಟುಕೊಟ್ಟಳು. ಅತ್ತೆ ಬಂದ್ರೂ ಅದೇ ಹೆಸರು, ಬರದಿದ್ರೂ ಅದೇ" ಅಂದ. ನನಗೆ ಅಳು ಬಂತು. ದಾಲ್ಚಿನ್ನಿ ಘಾಟು ಅಂದೆ. ದುಡ್ಡು ಮುಟ್ಟಲಿಲ್ಲ, ಹಡಗಿನಲ್ಲಿ ತಿನ್ನಿ ಎಂದು ಒಂದು ಪೊಟ್ಟಣವನ್ನೂ ಕೈಗಿಟ್ಟ.

ನಿನ್ನ ಮನೆಯ ಬಾಗಿಲು ತಟ್ಟುವ ಧೈರ್ಯ ಅವತ್ತು ಬರಲಿಲ್ಲ. ದೀಕ್ಷಾಸ್ನಾನಕ್ಕೆ ಬರುತ್ತೇನೆ. ಹುಡುಕಿ ಹುಡುಕಿ ಸಿಕ್ಕಿದ ತಪ್ಪು ಒಂದೇ, ಅವನ ಚಾಕು ಮೊಂಡು. ನಿನ್ನಪ್ಪನ ಅಗಲ ಚಾಕುವನ್ನು ಅವನಿಗೆಂದು ತರುತ್ತಿದ್ದೇನೆ. ನಾನು ಅಂಗಡಿಗೆ ಹೋಗಿದ್ದರ ಮಾತು ಮಾತ್ರ ಅವನೆದುರು ಎತ್ತಬೇಡ, ನಾಚಿಕೆಯಾಗುತ್ತದೆ.

ನಿನ್ನನ್ನೂ ಪುಟ್ಟಿಯನ್ನೂ ತಬ್ಬಿಕೊಳ್ಳಲು ಕಾದಿರುವ,
ಅಮ್ಮ
ಪೊಲಿಕ್ಸೇನಿ

ಹೇಳಲು ಮರೆತೆ: ಹಡಗು ಹೊರಟ ಮೇಲೆ ಪೊಟ್ಟಣ ಬಿಚ್ಚಿದೆ. ಬುಗಾತ್ಸಾದ ಮೇಲೆ ಒಂದು ಕಾಳು ಸಕ್ಕರೆಯೂ ಇರಲಿಲ್ಲ, ನಮ್ಮ ಸೆರೆಸ್‌ನಲ್ಲಿ ತಿನ್ನುವ ಹಾಗೆಯೇ. ಅವನಿಗೆ ಗೊತ್ತಾಗಿತ್ತು ಕಣೇ.