ಖಾಲಿ ಮನೆಯಷ್ಟು ಕರೆಂಟು

ಶಹಾಬಾದ

ಅವ್ವನಿಗೆ ಜೈಭೀಮ್.

ನೀನು ಫೋನ್ ಎತ್ತುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆ ಬಿಟ್ಟ ಸಿಟ್ಟಿಗೆ ನೀನು ಸುಲೇಪೇಟದ ಲುಂಬಿನಿ ಅಕ್ಕನ ಮನೆಗೆ ಹೋದ ಮೇಲೆ ಪಕ್ಕದ ಮನೆಯಲ್ಲಿ ಎರಡು ಸಿಲಿಂಡರ್ ತೀರಿದವು. ನಮ್ಮದು ಇನ್ನೂ ಭಾರವಾಗಿದೆ. ಊಟ ಖಾನಾವಳಿಯಲ್ಲಿ.

ನಿನ್ನೆ ಕರೆಂಟ್ ಬಿಲ್ಲಿನವನು ಮೀಟರ್ ನೋಡಿ, "ಓಣ್ಯಾಗ ಎಲ್ಲಾರಕಿಂತ ಭಾಳ ಕಮ್ಮಿ ಬಂದದ. ಮನಿ ಖಾಲಿ ಅದ ಏನೋ ತಮ್ಮಾ?" ಎಂದ.

"ನಾ ಇದ್ದೀನಲ್ರಿ," ಎಂದೆ.

"ಒಬ್ಬಾಂವ ಇದ್ರೂ ಇಷ್ಟು ಕಮ್ಮಿ ಬರಂಗಿಲ್ಲ," ಎಂದ.

ನಿಜ. ದೀಪ ಹಾಕಿದರೆ ನೀನು ಮಲಗುವ ಹೊರಸು ಖಾಲಿ ಕಾಣುತ್ತದೆ, ಅದಕ್ಕೆ ಹಾಕುವುದಿಲ್ಲ.

ಮತ್ತೆ ಶಾಲೆಗೆ ಹೋಗುತ್ತೇನೆಂದು ಸುಳ್ಳು ಬರೆಯಲಾರೆ. ಕಲ್ಲಿಗೆ ಪಾಲಿಶ್ ಹಾಕುವ ಕೆಲಸ ಕಲಿಯುತ್ತಿದ್ದೇನೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈ. ಚಹಾಕ್ಕೆ ನಾನೇ ಒಲೆ ಹಚ್ಚುತ್ತೇನೆ. ಗ್ಯಾಸ್ ಬೇಕಾದಷ್ಟಿದೆ.

ನಿನ್ನ ಮಗ,
ಮಿಲಿಂದ