ನಮ್ಮ ಹೋರಿ ಒಂದು ನಾಯಿ

ಮಾನ್ಯರೇ, ನನಗೆ ಮದುವೆಯಾಯಿತು, ನನ್ನ ನಾಯಿ ಬದುಕಿಕೊಂಡಿತು! ಮೊದಲನೆಯದಕ್ಕೆ ಕುರುಗೋಡಿನ ವಿರೂಪಾಕ್ಷಿ ಎಂಬ ಬಹಳ ಚೆಂದದ ಮನುಷ್ಯ ಕಾರಣ. ಎರಡನೆಯದಕ್ಕೆ ತಮ್ಮ ಅಧೀನದ ಪಶು ದವಾಖಾನೆ ಯಾವ ರೀತಿಯಲ್ಲೂ ಕಾರಣವಲ್ಲ. ಪ್ರಾಣಿಗಳ ಆರೋಗ್ಯ ನೋಡಿಕೊಳ್ಳುವ ಕುರ್ಚಿಯಲ್ಲಿ ತಾವು ಕೂತಿರುವುದರಿಂದ ಈ ಪತ್ರ ತಮಗೆ. ಬಹಿರಂಗವಾಗಿ ಏಕೆಂದರೆ, ಮೊದಲು ಮರ್ಯಾದೆಯಾಗಿ ಕೊಟ್ಟ ದೂರಿಗೆ ಬಂದ ಉತ್ತರ ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಮೈಸೂರಿನಿಂದ ಗಂಡನ ಮನೆಗೆ ಹೋಗುವಾಗ ನನ್ನ ಜೊತೆ ಬ್ರೂನೋ ಕೂಡ ಬಂದ. ಗ್ರೇಟ್ ಡೇನ್ ಜಾತಿಯವನು, ನಿಂತರೆ ನನ್ನ ಸೊಂಟ ಮುಟ್ಟುತ್ತಾನೆ. ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಅತ್ತೆ ಎರ್ರಮ್ಮನವರು, "ಇದೇನು ನಾಯೋ ಹೋರಿಯೋ! ಇದಕ್ಕ ಮೂಗುದಾರ ಹಾಕಬೇಕೇನವ್ವಾ?" ಎಂದರು. ಅಂದಿನಿಂದ ಅವನು ಆ ಮನೆಗೆ ಹೋರಿ. ಕರೆದರೆ ಬಾಲ ಆಡಿಸಿಕೊಂಡು ಬರುತ್ತಾನೆ. ನನಗೋ, ಅತ್ತೆ ನಮ್ಮಿಬ್ಬರನ್ನೂ ಒಪ್ಪಿಕೊಂಡರಲ್ಲ ಎಂಬ ಸಂಭ್ರಮ!

ಆಷಾಢಕ್ಕೆ ನಾನು ತವರಿಗೆ ಹೊರಡುವ ಮುಂಚಿನ ವಾರ. ಅತ್ತೆ ಪ್ರೀತಿ ಉಕ್ಕಿ ಅವನಿಗೆ ಬೋಗುಣಿ ತುಂಬ ಅನ್ನ ಮಜ್ಜಿಗೆ ಕಲಸಿ ಹಾಕಿದರು. ಅಷ್ಟನ್ನೂ ನುಂಗಿ ಟ್ರ್ಯಾಕ್ಟರ್ ಹಿಂದೆ ಓಡಿದ. ಸ್ವಲ್ಪ ಹೊತ್ತಿಗೆ ವಾಂತಿ ಮಾಡಲು ಒದ್ದಾಡತೊಡಗಿದ, ನೊರೆ ಬಿಟ್ಟು ಏನೂ ಬರಲಿಲ್ಲ. ಮಲಗುವುದು, ಏಳುವುದು, ತಿರುಗಿ ತನ್ನ ಪಕ್ಕೆಯನ್ನೇ ನೋಡುವುದು. ಹೊಟ್ಟೆ ತಟ್ಟಿದರೆ ಬಿಗಿದ ತಮಟೆಯ ಸದ್ದು. ನಾನು ಅಳುತ್ತಾ ಕೂತೆ. ಅತ್ತೆ ಆ ಪಶು ದವಾಖಾನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ನಮ್ಮ ಹೋರಿಗೆ ಹೊಟ್ಟಿ ಉಬ್ಬೈತ್ರೀ, ಲಗೂನ ಯಾರನ್ನರ ಕಳಸ್ರಿ."

"ಏನು ತಿಂದೈತವ್ವಾ?"

"ಅನ್ನ, ಮಜ್ಜಿಗಿ."

"ಹೋರಿಗೆ ಯಾರರ ಅನ್ನ ಹಾಕ್ತಾರೇನು? ಒಂದು ಬಾಟ್ಲಿ ಶೇಂಗಾ ಎಣ್ಣಿ ಕುಡಸು, ಅಡ್ಡಾಡಸು. ಉಬ್ಬರ ತಾನ ಇಳೀತೈತಿ."

ಫೋನ್ ಕಟ್. "ಕುಡೀಲೇ ಹೋರಿ, ಕುಡಿಯೋ ನನ್ನಪ್ಪ" ಎಂದು ಅತ್ತೆ ಸುರಿದ ಎಣ್ಣೆ ನೊರೆಯೊಂದಿಗೆ ನನ್ನ ಹೊಸ ಸೀರೆಯ ಮೇಲೆ ಬಂತು.

ಇಲ್ಲಿಯವರೆಗೆ ನಾನು ಯಾರನ್ನೂ ದೂರುವುದಿಲ್ಲ. ಫೋನಿನಲ್ಲಿ ಹೋರಿ ಎಂದರೆ ಕೇಳಿದವರಿಗೆ ಹೋರಿಯೇ. ಆದರೆ ಅವನನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಅದೇ ದವಾಖಾನೆಯ ಮುಂದೆ ನಿಂತೆವಲ್ಲ, ಆಗ? ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಫೋನಿನಲ್ಲಿ ಕೇಳಿದ್ದ ಅದೇ ದನಿಯ ಮಹಾಶಯರು ಹೊರಬಂದು ನೋಡಿದರು.

"ಅಯ್ಯ, ಇದು ನಾಯಿ!"

"ಹೌದ್ರೀ, ಏನರ ಮಾಡ್ರಿ," ಎಂದರು ನನ್ನವರು.

"ನಾಯಿ ಆದ್ರೇನು, ಉಬ್ಬರ ಅಂದ್ರ ಉಬ್ಬರ. ಎಣ್ಣಿ ಇನ್ನಷ್ಟು ಹಾಕ್ರಿ. ಇಲ್ಲಾಂದ್ರ ಸಾಹೇಬ್ರು ಬರೂತನಕ ಕುಂದರ್ರಿ." ಹೇಳಿ ಮೊಬೈಲಿಗೆ ಮರಳಿದರು.

"ನಿನ್ನ ಹೊಟ್ಟಿ ಹಿಂಗ ಉಬ್ಬಿದ್ರ ಕುಂದರ್ತಿದ್ದೇನಲೇ?" ಎಂದು ಅತ್ತೆ ಕೂಗಿದ್ದು ಬೀದಿಯವರೆಗೂ ಕೇಳಿಸಿತು. ಆ ಮಹಾಶಯರಿಗೆ ಮಾತ್ರ ಕೇಳಿಸಲಿಲ್ಲ.

ಅದೇ ಆಟೋದಲ್ಲಿ ಬಳ್ಳಾರಿಗೆ ಓಡಿದೆವು. ಅಲ್ಲಿನ ಖಾಸಗಿ ಪಶುವೈದ್ಯೆ ಅವನ ಬಿಳಿಚಿದ ಒಸಡು ನೋಡಿದವರೇ ಪಕ್ಕೆಗೆ ದಪ್ಪ ಸೂಜಿ ಚುಚ್ಚಿದರು. ಬುಸ್ ಎಂದು ಗಾಳಿ ಹೊರಬಂತು. "ಇದು ದನದ ಉಬ್ಬರ ಅಲ್ಲಮ್ಮ. ಒದ್ದಿ ಅರಿವಿ ಹಿಂಡಿದಂಗ ಹೊಟ್ಟಿ ತಿರುವಿಕೊಂಡೈತಿ. ಮ್ಯಾಲಿಂದು, ಕೆಳಗಿಂದು ಎರಡೂ ಬಾಗಲಾ ಬಂದ್. ಎಣ್ಣಿ ಹೋಗೂದಾದ್ರೂ ಎಲ್ಲಿಗಿ? ಶ್ವಾಸಕೋಶಕ್ಕ ಇಳಿದಿದ್ರ ಅಲ್ಲೇ ಮುಗೀತಿತ್ತು," ಎಂದರು. ಆಪರೇಷನ್ ಮಾಡಿ, ಹೊಟ್ಟೆಯನ್ನು ನೇರ ಮಾಡಿ, ಮತ್ತೆ ತಿರುಚದಂತೆ ಒಳಗೆ ಹೊಲಿದರು. ಇನ್ನೊಂದಿಷ್ಟು ತಡವಾಗಿದ್ದರೆ ನನ್ನ ಗಂಡ ಹೊಲದಲ್ಲಿ ಕುಣಿ ತೋಡಬೇಕಿತ್ತು.

ದೂರು ಕೊಟ್ಟೆ. ತಮ್ಮ ಕಚೇರಿಯಿಂದ ಮೈಸೂರಿಗೆ ಫೋನ್ ಬಂತು: "ಮೇಡಂ, ದೂರು ಕ್ಲೋಸ್ ಮಾಡ್ಬೇಕಿತ್ತು. ಹೋರಿ ಈಗ ಮೇವು ತಿಂತೈತಾ?"

ತಿನ್ನುತ್ತದೆ ಸ್ವಾಮಿ, ಬೊಗಳುತ್ತಲೂ ಇದೆ! ನಾನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು, ನನ್ನ ಕನ್ನಡದಲ್ಲಿ ತಪ್ಪುಗಳಿರಬಹುದು. ಆದರೆ ಹೋರಿಗೂ ನಾಯಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ಕಣ್ಣೆದುರು ಸಾಯುತ್ತಿರುವ ಜೀವವನ್ನು ಕಂಡೂ ಬಾಯಿಗೆ ಬಂದ ಮದ್ದನ್ನೇ ಹೇಳುವುದು ಅಜ್ಞಾನವೇ, ಸೋಮಾರಿತನವೇ? ಅಜ್ಞಾನವಾದರೆ ಕಲಿಸುವವರು ಯಾರು? ಸೋಮಾರಿತನವಾದರೆ ಅದಕ್ಕೂ ಒಂದು ಬಾಟ್ಲಿ ಶೇಂಗಾ ಎಣ್ಣೆ ಕುಡಿಸಿ ಅಡ್ಡಾಡಿಸೋಣವೇ?

ನಾನು ಕೇಳುವುದು ಇಷ್ಟೇ. ಫೋನ್ ಎತ್ತಿದವರು ಮೊದಲು ಯಾವ ಪ್ರಾಣಿ ಎಂದು ಕೇಳಲಿ. ನಾಯಿಯ ಹೊಟ್ಟೆ ಉಬ್ಬಿ ವಾಂತಿ ಬಾರದೆ ಒದ್ದಾಡುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಪರೇಷನ್ ಆಗುವ ಕಡೆಗೆ ಓಡಿ ಎಂದು ಹೇಳಲಿ. ಡಾಕ್ಟರು ಇಲ್ಲದ ದಿನ ಇನ್ನೊಬ್ಬ ಡಾಕ್ಟರ ಫೋನ್ ನಂಬರು ಬಾಗಿಲ ಮೇಲಿರಲಿ.

ಉತ್ತರವನ್ನು ಫೋನಿನಲ್ಲಿ ಕೊಡಬೇಡಿ, ನಾವೇ ಬರುತ್ತೇವೆ. ಆಷಾಢ ಮುಗಿಯುತ್ತಿದೆ, ನನ್ನವರ ಮುಖ ನೋಡುತ್ತೇನೆಂಬ ಖುಷಿಗೆ ನಿದ್ದೆಯೇ ಇಲ್ಲ! ಅವರೂ ಅತ್ತೆಯೂ ಹೋರಿಯನ್ನು ಕರೆದುಕೊಂಡು ಸ್ಟೇಷನ್ನಿಗೆ ಬರುತ್ತಾರೆ. ಅಲ್ಲಿಂದ ಮನೆಗಿಂತ ಮೊದಲು ತಮ್ಮ ಕಚೇರಿಗೆ. ದಯವಿಟ್ಟು ಮೇವು ತರಿಸಿಡಬೇಡಿ.

ಇಂತಿ,
ತಮ್ಮ ಕಚೇರಿಯ ಲೆಕ್ಕದಲ್ಲಿ ಒಂದು ಹೋರಿಯ ಒಡತಿ,
ಶೀಲಾ ವಿರೂಪಾಕ್ಷಿ
(ಈ ಹೊಸ ಹೆಸರು ಬರೆಯಲು ಇನ್ನೂ ನಾಚಿಕೆ),
ಬರುವುದು ಸೋಮವಾರ ಬೆಳಿಗ್ಗೆ, ಹಂಪಿ ಎಕ್ಸ್‌ಪ್ರೆಸ್ಸಿಗೆ.