ಡಬ್ಬದ ಅಳತೆ

ಭಾನುವಾರ, ಬೆಳಗ್ಗೆ

ಮಗಳ ಅಪ್ಪನಿಗೆ,

ಹದಿನಾಲ್ಕು ವರ್ಷ ಜೊತೆಗಿದ್ದವರನ್ನು ಈಗ ಏನೆಂದು ಕರೆಯಬೇಕೋ ತಿಳಿಯದೆ ಹೀಗೆ ಬರೆದಿದ್ದೇನೆ. ಫೋನಿನಲ್ಲಿ ಮೂರನೇ ಮಾತಿಗೇ ನಮಗೆ ಜಗಳ ಹತ್ತಿಕೊಳ್ಳುತ್ತದೆ. ಕಾಗದದಲ್ಲಾದರೆ ಹೇಳಬೇಕಾದದ್ದನ್ನು ಹೇಳಿ ಮುಗಿಸಬಹುದು.

ನಿಮ್ಮ ಪತ್ರವೂ ಕುದುರೆ ಮಂಕನ ಫೋಟೋವೂ ನಿನ್ನೆ ತಲುಪಿದವು. ಮೊದಲು ಕೆಲಸದ ಮಾತು. ಇದನ್ನು ಓದಿದ ಹೊತ್ತಿನಿಂದಲೇ ಕುದುರೆಗೆ ಮೆಕ್ಕೆಜೋಳ ನಿಲ್ಲಿಸಿ. ಒಣಹುಲ್ಲು ಬೇಕಾದಷ್ಟು ಹಾಕಿ, ನೀರಿಡಿ, ದಿನವೂ ಹಗ್ಗ ಹಿಡಿದು ಒಂದು ಗಂಟೆ ನಡೆಸಿ. ಮಗಳನ್ನು ಅವನ ಹತ್ತಿರ ಬಿಡಬೇಡಿ. ನಾನು ಬಂದು ನೋಡುವವರೆಗೆ ಅವಳನ್ನು ಅವನ ಮೇಲೆ ಹತ್ತಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೀರಿ. ಮಾತು ತಪ್ಪುವವರಲ್ಲ ನೀವು. ಆ ಒಂದು ಧೈರ್ಯದ ಮೇಲೆ ಇಷ್ಟು ನಿಧಾನವಾಗಿ ಬರೆಯುತ್ತಿದ್ದೇನೆ.

ನಿಮ್ಮ ಪತ್ರದ ತುಂಬ ಸಂತೋಷವಿದೆ. ಮಂಕನ ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ, ಕಾಳಿನ ಹೊತ್ತಿಗೆ ಗೊರಸಿನಿಂದ ನೆಲ ಕೆರೆಯುತ್ತಾನೆ ಎಂದಿದ್ದೀರಿ. ತಳ್ಳುಗಾಡಿ ಕಂಡು ಬೆದರಿ ಕೊಟ್ಟಿಗೆಯ ಹಲಗೆ ಒದ್ದು ಮುರಿದನಂತೆ. ಮಳೆಯೆಂದು ನಾಲ್ಕು ದಿನ ಅವನನ್ನು ಹೊರಗೆ ಬಿಟ್ಟಿಲ್ಲವಂತೆ. ಅತ್ತಿಗೆಯ ಶಾಲು ಕಚ್ಚಿ ಎಳೆದಾಗ ಅವರು, "ನಿನ್ನ ಹೆಂಡ್ತಿ ಇವನನ್ನ ಉಪವಾಸ ಕೆಡವಿದ್ಳೋ ಏನೋ, ನಮ್ಮನೆ ಕಾಳು ಬಿದ್ಮೇಲೆ ಗಂಡಸಾದ ನೋಡು" ಅಂದರಂತೆ. ನಾನೂ ನಕ್ಕೆ. ಆಮೇಲೆ ಅದೇ ಸಾಲುಗಳನ್ನು ಲಾಯದ ಕೆಲಸದವಳಾಗಿ ಓದಿದೆ. ನೀವು ಚೈತನ್ಯ ಎಂದುಕೊಂಡದ್ದೆಲ್ಲ ಅವನ ಒಳಗೆ ಹೊತ್ತಿಕೊಂಡಿರುವ ಬೆಂಕಿ.

ಸವಾರಿ ಶಾಲೆಯ ಮೇವಿನ ಕೋಣೆಯಲ್ಲಿ ಹದಿನೈದು ವರ್ಷ ಕಾಳು ತೂಗಿದವಳು ನಾನು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಮೊದಲ ದಿನವೇ ಹೇಳುತ್ತೇನೆ, ಕುದುರೆಗೆ ತೂಕ ನೋಡಿ ಹಾಕಬೇಕು, ಡಬ್ಬ ನೋಡಿ ಹಾಕಬಾರದು ಎಂದು. ಮಂಕನ ಜೊತೆ ನಾನು ಕಳಿಸಿಕೊಟ್ಟ ಡಬ್ಬದಲ್ಲಿ ಓಟ್ಸ್ ಒಂದು ಕಿಲೋ ಹಿಡಿಯುತ್ತದೆ. ಅದಕ್ಕೇ ಮೆಕ್ಕೆಜೋಳ ತುಂಬಿದರೆ ಒಂದೂವರೆ ಕಿಲೋ ದಾಟುತ್ತದೆ. ಕಸುವಿನಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಕೆಲಸವಿಲ್ಲದ ದಿನಗಳಲ್ಲೂ ಅಷ್ಟೇ ಹಾಕುತ್ತ ಹೋದರೆ ಆ ಕಸುವಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಮಗು ಬಾಲ ಹಿಡಿದೆಳೆದರೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದ ಪ್ರಾಣಿ ಆಗ ಎಲೆ ಅಲ್ಲಾಡಿದರೂ ಬೆಚ್ಚುತ್ತದೆ.

ಇಷ್ಟು ಗೊತ್ತಿದ್ದವಳು ಡಬ್ಬದ ಜೊತೆ ಕೊಟ್ಟ ಮೇವಿನ ಚೀಟಿಯಲ್ಲಿ ಯಾಕೆ ಬರೆಯಲಿಲ್ಲ ಎಂದು ನೀವು ಕೇಳುತ್ತೀರಿ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮರೆತೆ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ. ಮರೆತಿರಲಿಲ್ಲ.

ನಾವು ಬೇರೆಯಾದಾಗ ಮಗಳು ನಿಮ್ಮನ್ನು ಆರಿಸಿಕೊಂಡಳೆಂದು ನಿಮ್ಮ ಕಡೆಯವರು ಬೀಗಿದರು. ಅವಳು ಆರಿಸಿಕೊಂಡದ್ದು ಮಂಕನನ್ನು. "ಮಂಕ ಎಲ್ಲಿರ್ತಾನೋ ನಾನೂ ಅಲ್ಲೇ" ಅಂದಳು. ಮಂಕ ನಿಮ್ಮವನಾದ್ದರಿಂದ ನಿಮ್ಮ ಜೊತೆ ಹೊರಟಳು. ಹನ್ನೊಂದು ವರ್ಷದ ಹುಡುಗಿ ನನ್ನ ಕಡೆ ತಿರುಗಿಯೂ ನೋಡದೆ ಅವನ ಕತ್ತಿಗೆ ಜೋತುಬಿದ್ದಿದ್ದಳು. ಕುದುರೆ ವಾಪಸು ಬಂದರೆ ಅವಳೂ ಬರುತ್ತಾಳೆ ಎಂದು ನನಗೆ ಹೊಳೆದದ್ದು ಆಗಲೇ.

ನೀವು ಹೋಗಿ ಸೇರಿದ ನಿಮ್ಮ ಅಕ್ಕನ ಮನೆ ಪಕ್ಕದ ಗಿರಣಿಯಲ್ಲಿ ಕೋಳಿಗೆ ಹಾಕುವ ಮೆಕ್ಕೆಜೋಳ ಬಿಟ್ಟು ಬೇರೆ ಕಾಳು ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು. ಔಷಧಿ ಅಂಗಡಿಯವರು ನೀವು, ಚೀಟಿಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಕೊಡುತ್ತೀರಿ ಎಂದೂ ಗೊತ್ತಿತ್ತು. "ಕಾಳು: ಬೆಳಗ್ಗೆ ಎರಡು ಡಬ್ಬ, ಸಂಜೆ ಎರಡು ಡಬ್ಬ." ಅಷ್ಟನ್ನು ಉಳಿಸಿ, ಓಟ್ಸಿಗೆ ಎಷ್ಟು, ಮೆಕ್ಕೆಜೋಳಕ್ಕೆ ಎಷ್ಟು, ಕೆಲಸವಿಲ್ಲದ ದಿನ ಎಷ್ಟು ಎಂದು ತೂಕ ಬರೆದಿದ್ದ ಕೆಳಗಿನ ಮೂರು ಸಾಲುಗಳನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದೆ. ಹತ್ತು ದಿನ ಅವನು ಕೈಗೆ ಸಿಗದೆ ಕುಣಿದರೆ, "ಈ ಕುದುರೆನ ನೀನೇ ಸಾಕ್ಕೊ ತಾಯಿ" ಎಂದು ವಾಪಸು ಅಟ್ಟುತ್ತೀರಿ ಎಂದುಕೊಂಡಿದ್ದೆ. ಹಗ್ಗ ಹಿಡಿಯುವವರು ನೀವು, ಮಗಳಲ್ಲ, ಎಂದು ಸಮಾಧಾನ ಮಾಡಿಕೊಂಡಿದ್ದೆ. ಅಂದರೆ ನಿಮಗೆ ಏಟಾದರೆ ಪರವಾಗಿಲ್ಲ ಎಂದಿತ್ತೇ ನನ್ನ ಮನಸ್ಸಿನಲ್ಲಿ? ಇತ್ತೆಂದೇ ತೋರುತ್ತದೆ.

ಆದರೆ ನೀವು ಬೈಯಲಿಲ್ಲ. ಹೆಮ್ಮೆಪಟ್ಟಿರಿ. ಅದೊಂದನ್ನು ನಾನು ಎಣಿಸಿರಲಿಲ್ಲ.

ಕತ್ತರಿಸಿದ ತುಂಡನ್ನು ಇದರ ಜೊತೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸಿ. ಉಪ್ಪು ತಿಂದವಳು ನೀರು ಕುಡಿಯಲೇಬೇಕು.

ಭಾನುವಾರ ನನಗೊಂದು ಆಶ್ಚರ್ಯ ಕಾದಿದೆ, ಮಗಳು ನಿಮ್ಮ ಬಾಯಿಗೆ ಬೀಗ ಹಾಕಿದ್ದಾಳೆ ಎಂದು ಬರೆದಿದ್ದೀರಿ. ಇವತ್ತು ನನ್ನ ಹುಟ್ಟಿದ ದಿನ ಎಂಬುದು ಅವಳಿಗೆ ನೆನಪಿದೆಯಲ್ಲ, ಅದೇ ಸಾಕು. ಏನೋ ಚಿತ್ರ ಬರೆದಿರುತ್ತಾಳೆ.

ಕ್ಷಮೆ ಕೇಳುವ ಯೋಗ್ಯತೆಯೂ ಇಲ್ಲದ,
ಮಗಳ ಅಮ್ಮ

ಮತ್ತೆ ಸೇರಿಸಿದ್ದು:

ಲಕೋಟೆ ಅಂಟಿಸುವ ಮುನ್ನ ಫೋಟೋವನ್ನು ಇನ್ನೊಮ್ಮೆ ನೋಡಿದೆ. ನಿನ್ನೆಯಿಂದ ಅವನ ಮೈಯ ಹೊಳಪನ್ನಷ್ಟೇ ನೋಡುತ್ತಿದ್ದೆ. ಬೆನ್ನ ಮೇಲೆ ಜೀನು ಕಟ್ಟಿದ್ದೀರಿ. ಸವಾರ ಪಾದ ಇಡುವ ರಿಕಾಪುಗಳು ಕೆಳಗೆ ಇಳಿಬಿದ್ದಿರಬೇಕಿತ್ತು. ಅವುಗಳ ಪಟ್ಟಿಯನ್ನು ಐದು ತೂತು ಮೇಲಕ್ಕೆ ಬಿಗಿದಿದ್ದೀರಿ. ನಿಮ್ಮ ಕಾಲು ಅಷ್ಟು ಗಿಡ್ಡವಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೇನೆ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿದೆ. ಒಂಬತ್ತು ಸಲ ಫೋನ್ ಮಾಡಿದೆ. ಪ್ರತಿ ಸಲವೂ ಕಟ್ ಮಾಡುತ್ತಿದ್ದೀರಿ. ಕೊನೆಗೆ ಅತ್ತಿಗೆ ಸಿಕ್ಕರು. "ಅಯ್ಯೋ, ಈಗ್ಲೇ ಯಾಕೆ ಮಾಡಿದ್ಯೇ! ಇಬ್ರೂ ಬಯಲಿಗೆ ಹೋಗಿದಾರೆ. ಅವಳು ಸವಾರಿ ಮಾಡೋದನ್ನ ವಿಡಿಯೋ ತೆಗೆದು ನಿನಗೆ ಕಳಿಸ್ತಾರಂತೆ. ನಾನು ಹೇಳ್ದೆ ಅನ್ನಬೇಡ ಮತ್ತೆ" ಅಂದರು. ಓಡಿಹೋಗಿ ತಡೆಯಿರಿ ಎಂದು ಕಿರುಚಿದೆ. ಮಂಡಿನೋವಿನವರು, ಬಯಲು ಒಂದು ಮೈಲಿ. ಹೊರಡುವ ಮುನ್ನ ನನ್ನ ಸಮಾಧಾನಕ್ಕೆಂದು ಒಂದು ಮಾತು ಹೇಳಿದರು: ಮಂಕ ಚೆನ್ನಾಗಿದ್ದಾನೆ, ನಿನ್ನ ಹುಟ್ಟಿದ ದಿನ ಅಂತ ಬೆಳಗ್ಗೆ ಅವನಿಗೆ ಮೂರು ಡಬ್ಬ ಹಾಕಿದೀನಿ.

ಅವರನ್ನು ಬೈಯಬೇಡಿ. ಡಬ್ಬ ನನ್ನದು.